ಹಸಿರು ಕಿಟಕಿ: ಉಗಿಗೂ ಚಹಾ ವಿರಾಮ

“ಹುಷಾರು ಮೇಡಂ. ಜನರಲ್ ಮ್ಯಾನೇಜರ್ ಮುಂದೆ ನಿಂತು ಮೊಳೆ ಹೊಡೆಸಿದ ಪಟ ಅದು. ಬಿದ್ದರೆ ಅದಕ್ಕೂ ಒಂದು ವಿಚಾರಣೆ ಆಗತ್ತೆ.”

ಕುರ್ಚಿ ಹತ್ತಿ ನಿಂತಿದ್ದ ವಿಮೆಯಮ್ಮ ತಿರುಗಿ ನೋಡಲಿಲ್ಲ. ಕೆಳಗಿನಿಂದ ಎಚ್ಚರಿಸಿದವರು ಕಾರ್ಖಾನೆಯ ಹಳೆಯ ಕಂಪ್ಯೂಟರ್ ವ್ಯವಸ್ಥೆಗಳ ಮುಖ್ಯಸ್ಥರು. ಎದುರಿಗೆ ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಹಳೇಪೆಟ್ಟಿಗೆ. ಅದು ಅವರಿಗೂ ಗೊತ್ತಿತ್ತು.

ಊಟದ ಕೋಣೆಯ ಗೋಡೆಯಲ್ಲಿ, ಕುಡಿಯುವ ನೀರಿನ ಯಂತ್ರದ ಮೇಲೆ, ಗಾಜು ಹಾಕಿದ ದೊಡ್ಡ ಪಟ. ಮೇಲೆ ದಪ್ಪ ಅಕ್ಷರದಲ್ಲಿ ‘ನಮ್ಮ ಆಯ್ಕೆ ಹಸಿರು’ ಎಂದಿತ್ತು, ಕೆಳಗೆ ಉಗಿಯ ಒತ್ತಡದ ನಕ್ಷೆ, ದಿನಕ್ಕೊಂದು ಗೆರೆ. ಅಪಘಾತವಾದ ಮೇಲೆ ಆ ‘ನಮ್ಮ’ ಎಲ್ಲರ ಬಾಯಲ್ಲೂ ‘ಅವಳ’ ಆಗಿತ್ತು. ಪಟ ತೆಗೆಯಲು ಮಾತ್ರ ಯಾರಿಗೂ ನೆನಪಾಗಿರಲಿಲ್ಲ.

ಗಾಜಿನ ಮೇಲೆ ಅಡುಗೆಯ ಜಿಡ್ಡು. ವಿಮೆಯಮ್ಮ ಕೈಚೀಲದಿಂದ ಕರವಸ್ತ್ರ ತೆಗೆದರು. ಅವಸರದಲ್ಲಿ ಬಂದದ್ದು ಗಂಡನ ಕರವಸ್ತ್ರ. ಒಂದು ಮೂಲೆಯಲ್ಲಿ ಗಂಟು. ನೆನಪಿಡಬೇಕಾದ ಕೆಲಸಕ್ಕೆ ಗಂಡ ಒಂದು ಗಂಟು ಹಾಕುತ್ತಿದ್ದರು, ಕೆಲಸ ಮುಗಿದ ಮೇಲೆ ಅವರೇ ಬಿಚ್ಚುತ್ತಿದ್ದರು. ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಮದುವೆಯಾದಂದಿನಿಂದ ಆ ಮನೆಯಲ್ಲಿ ನಡೆದು ಬಂದ ಕಾನೂನು ಅದು. ಒಗೆದು ಬಂದ ಕರವಸ್ತ್ರಕ್ಕೂ ಗಂಟು ಬಿಟ್ಟು ಇಸ್ತ್ರಿ ಹಾಕುವುದು ವಿಮೆಯಮ್ಮನಿಗೆ ರೂಢಿಯಾಗಿತ್ತು. ಗಂಟನ್ನು ಮುಷ್ಟಿಯೊಳಗೆ ಹಿಡಿದು, ಉಳಿದ ಬಟ್ಟೆಯಿಂದ ಗಾಜು ಒರೆಸಿದರು.

ಮೂರನೇ ಉಗಿ ಕೊಳವೆಯ ಜೋಡಣೆ ಬಿಚ್ಚಲು ಹೋದ ಬಾಯ್ಲರ್ ಮನೆಯ ಫಿಟ್ಟರ್ ಒಬ್ಬ ಮುಖ, ಕೈ ಬೆಂದು ಆಸ್ಪತ್ರೆಯಲ್ಲಿದ್ದ. ಬಿಚ್ಚುವ ಮುಂಚೆ ಅವನು ಪಕ್ಕದ ಪರದೆ ನೋಡಿದ್ದ. ಉಗಿಯ ಒತ್ತಡ ಸೊನ್ನೆ ಎಂದು ಪರದೆ ಹೇಳಿತ್ತು. ಆ ಪರದೆಯಲ್ಲಿ ಓಡುತ್ತಿದ್ದ ಪೋರ್ಟಲನ್ನು ಆರಿಸಿದ ಸಮಿತಿಯ ಮುಖ್ಯಸ್ಥೆ ವಿಮೆಯಮ್ಮನ ನಾದಿನಿ. ಬೆಳಗಾದರೆ ವಿಚಾರಣೆ. ತಪ್ಪು ಅವಳದೆಂದು ತೀರ್ಮಾನವಾದರೆ ಕೆಲಸ ಹೋಗುವುದಷ್ಟೇ ಅಲ್ಲ, ನಿರ್ಲಕ್ಷ್ಯದ ಮೊಕದ್ದಮೆ, ಬಹುಶಃ ಜೈಲು.

“ಇದೇ ಆ ನಕ್ಷೆಯಾ?” ವಿಮೆಯಮ್ಮ ಗಾಜಿನ ಮೇಲೆ ಬೆರಳಿಟ್ಟು ಕೇಳಿದರು.

“ಅದೇ. ಅದರಿಂದಲೇ ನಾನು ಸೋತಿದ್ದು.”

ಸೋಲಿನ ಕಥೆಯನ್ನು ಹಳೇಪೆಟ್ಟಿಗೆ ಬೇಸರವಿಲ್ಲದೆ ಹೇಳಿದರು. ಅದು ರಟ್ಟು ತಯಾರಿಸುವ ಕಾರ್ಖಾನೆ. ರಜೆಗೆ ಒಂದು ಪ್ರೋಗ್ರಾಂ, ಉಗ್ರಾಣಕ್ಕೆ ಒಂದು, ದುರಸ್ತಿಗೆ ಒಂದು, ಬಾಯ್ಲರ್ ಮನೆಗೆ ಒಂದು, ಹೀಗೆ ಒಂದೊಂದು ವಿಭಾಗದ್ದೂ ಒಂದೊಂದು ದಾರಿ. ಎಲ್ಲವನ್ನೂ ಒಂದೇ ಪುಟಕ್ಕೆ ತರಬೇಕೆಂದು ಆಡಳಿತ ತೀರ್ಮಾನಿಸಿತು. ಅದಕ್ಕೆ ಬೇಕಾದದ್ದು ಒಂದು ಪೋರ್ಟಲ್ ಚೌಕಟ್ಟು. ಚೌಕಟ್ಟಿನೊಳಗೆ ವಿಭಾಗಕ್ಕೊಂದು ಕಿಟಕಿ. ಕೊನೆಯವರೆಗೆ ಉಳಿದವು ಎರಡು. ಬಣ್ಣ ನೋಡಿ ಜನ ಒಂದನ್ನು ನೀಲಿ ಎಂದರು, ಇನ್ನೊಂದನ್ನು ಹಸಿರು ಎಂದರು. ನೀಲಿ ದಪ್ಪ ಚರ್ಮದ್ದು, ನೋಡಲು ಚೆನ್ನಾಗಿರಲಿಲ್ಲ, ಆದರೆ ಬಾಯ್ಲರ್ ಮನೆಯ ಹಳೇ ಪ್ರೋಗ್ರಾಂ ಆಡುವ ಮಾತು ಅದಕ್ಕೆ ಅರ್ಥವಾಗುತ್ತಿತ್ತು. ಹಸಿರಿಗೆ ಆಗುತ್ತಿರಲಿಲ್ಲ.

ಹಾಗಂತ ಅವರು ಸಮಿತಿಯ ಮುಂದೆ ಹೇಳಿದ್ದರು. ಪರೀಕ್ಷೆ ಶುರುವಾದಾಗ ಹಸಿರಿನ ಬಾಯ್ಲರ್ ಕಿಟಕಿ ಖಾಲಿ ಇತ್ತು. ಅಷ್ಟರಲ್ಲಿ ಅವರು ಒಂದು ಸಣ್ಣ ಭಾಷಣವನ್ನೂ ತಯಾರಿಸಿಕೊಂಡಿದ್ದರು. ಒಂದು ಬೆಳಿಗ್ಗೆ ಬಂದು ನೋಡಿದರೆ ಕಿಟಕಿ ತುಂಬಾ ಅಂಕಿಗಳು. ಆ ಅಂಕಿಗಳಿಂದ ಬರೆಸಿದ್ದೇ ಪಟದ ಈ ನಕ್ಷೆ.

“ಎಲ್ಲರೂ ನನ್ನ ಮುಖ ನೋಡಿ ನಕ್ಕರು. ನಿಮ್ಮ ನಾದಿನಿ ಮಾತ್ರ ನಗಲಿಲ್ಲ, ಅದನ್ನ ಒಪ್ತೀನಿ. ಈಗ ಅಪಘಾತ ಆದ ಮೇಲೆ ನೋಡಿದರೆ ಕಿಟಕಿಗೂ ಬಾಯ್ಲರ್ ಮನೆಗೂ ಸಂಬಂಧವೇ ಇಲ್ಲ. ಮೊದಲು ಇತ್ತು, ಯಾರೋ ತಪ್ಪಿಸಿದ್ದಾರೆ ಅಂತಾಳೆ. ಆ ಯಾರೋ ನಾನಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

ವಿಮೆಯಮ್ಮ ನಕ್ಷೆಯಿಂದ ಕಣ್ಣು ತೆಗೆಯಲಿಲ್ಲ. ವಿಮಾ ಕಂಪನಿಯಲ್ಲಿ ಅಪಘಾತಗಳ ತನಿಖೆ ಮಾಡಿಯೇ ಅವರಿಗೆ ತಲೆ ನರೆತದ್ದು. ಹೆಸರು ಹೋಗಿ ಅಡ್ಡಹೆಸರು ಉಳಿದದ್ದೂ ಅದರಿಂದಲೇ. ಸುಟ್ಟ ಗೋದಾಮು, ಮುಳುಗಿದ ದೋಣಿ, ಕುಸಿದ ಛಾವಣಿ ಎಲ್ಲ ನೋಡಿದ್ದರು. ಎಲ್ಲದರಿಂದ ಕಲಿತದ್ದು ಒಂದೇ: ಎಲ್ಲರೂ ದಿನಾ ನೋಡುವ ಜಾಗವನ್ನು ಮೊದಲು ನೋಡಬೇಕು.

“ಉಗಿಯ ಒತ್ತಡ ಯಾವತ್ತಾದ್ರೂ ಒಂದೇ ಕಡೆ ನಿಲ್ಲತ್ತಾ?”

“ಉಗಿನಾ? ಕೈಕೂಸು ಇದ್ದ ಹಾಗೆ ಮೇಡಂ. ಒಂದು ಕ್ಷಣ ಸುಮ್ಮನಿರಲ್ಲ.”

“ಹಾಗಾದರೆ ಇದೇನು?”

ಗೆರೆ ಬೆಳಿಗ್ಗೆಯಿಂದ ಏರುತ್ತ ಇಳಿಯುತ್ತ ಬಂದಿತ್ತು. ಬೆಳಗಿನ ಹೊತ್ತಿನಲ್ಲಿ ಒಂದು ಕಡೆ ಹಲಗೆಯಂತೆ ಮಟ್ಟಸವಾಗಿ ಮಲಗಿತ್ತು. ಆಮೇಲೆ ಮತ್ತೆ ಏರಿಳಿತ. ಮಧ್ಯಾಹ್ನ ಇನ್ನೂ ಉದ್ದದ ಹಲಗೆ. ಮರುದಿನದ ಗೆರೆಯಲ್ಲೂ ಅದೇ ಹೊತ್ತಿಗೆ ಹಲಗೆ. ಅದರ ಮರುದಿನವೂ.

ಹಳೇಪೆಟ್ಟಿಗೆ ಇನ್ನೊಂದು ಕುರ್ಚಿ ಎಳೆದುಕೊಂಡು ಹತ್ತಿದರು. ಕನ್ನಡಕ ಹಣೆಗೇರಿಸಿ ಮೂಗು ಗಾಜಿಗೆ ತಾಗುವಷ್ಟು ಬಾಗಿದರು. ಪರೀಕ್ಷೆ ಮುಗಿದಾಗಿನಿಂದ ಅವರು ಈ ಪಟಕ್ಕೆ ಬೆನ್ನು ಹಾಕಿ ಊಟಕ್ಕೆ ಕೂರುತ್ತಿದ್ದರು. ಹಾಗಾಗಿ, ಅದರಲ್ಲಿದ್ದುದನ್ನು ಓದಬಲ್ಲ ಒಬ್ಬನೇ ಮನುಷ್ಯ ಅದನ್ನು ಓದಿರಲೇ ಇಲ್ಲ.

“ಇದು ಚಹಾದ ಹೊತ್ತು,” ಎಂದರು ನಿಧಾನವಾಗಿ. “ಇದು ಊಟದ ಹೊತ್ತು.”

“ನಿಮ್ಮ ಕಾರ್ಖಾನೆಯಲ್ಲಿ ಉಗಿಗೂ ಚಹಾ ವಿರಾಮ ಕೊಡ್ತೀರಾ?”

ಹಳೇಪೆಟ್ಟಿಗೆ ಬೆರಳಿನಿಂದ ಗೆರೆಯ ಮೆಟ್ಟಿಲುಗಳನ್ನು ಮುಟ್ಟುತ್ತ ಹೋದರು. ಯಂತ್ರ ಓದಿದ ಒತ್ತಡವಾಗಿದ್ದರೆ ಅಂಕಿಗಳು ಹೇಗೆಂದರೆ ಹಾಗೆ ಚದುರಿರಬೇಕಿತ್ತು. ಇಲ್ಲಿ ಎಲ್ಲ ಅಂಕಿಗಳೂ ಅರ್ಧ ಅರ್ಧಕ್ಕೆ ಬಂದು ಕೂತಿದ್ದವು, ಡಯಲ್ಲಿನ ಮುಖದ ಮೇಲೆ ಗೀರುಗಳಿರುವಂತೆಯೇ. ಮುಳ್ಳು ಎರಡು ಗೀರುಗಳ ನಡುವೆ ನಿಂತರೆ ಮನುಷ್ಯ ಹತ್ತಿರದ ಗೀರನ್ನು ಓದುತ್ತಾನೆ.

“ಯಾರೋ ಡಯಲ್ ನೋಡಿ ನೋಡಿ ಕೈಯಲ್ಲೇ ಟೈಪ್ ಮಾಡಿದ್ದಾರೆ,” ಎಂದರು ಅವರು. ಯಂತ್ರವಿಲ್ಲದ ವಿಭಾಗಗಳಿಗೆಂದು ಹಸಿರಿನಲ್ಲಿ ಕೈಯಿಂದ ಅಂಕಿ ತುಂಬುವ ಪುಟವಿತ್ತು. “ಇದು ಯಾವತ್ತೂ ಜೋಡಣೆಯಾಗೇ ಇರಲಿಲ್ಲ. ತಪ್ಪಿಸೋಕೆ ಏನಿತ್ತು ಅಂತ ನಾನು ತಪ್ಪಿಸಲಿ?”

ಅವರ ದನಿಯಲ್ಲಿ ಗೆಲುವಿತ್ತು. ಅದು ಅವರಿಗೇ ನಾಚಿಕೆಯೆನಿಸಿತೇನೋ, ಕುರ್ಚಿಯಿಂದ ಇಳಿದು ಅದನ್ನು ಗೋಡೆಗೆ ಸರಿಸಿದರು. ಆದರೂ ಹೇಳದೆ ಬಿಡಲಿಲ್ಲ.

“ಹಸಿರು ಗೆಲ್ಲಲಿ ಅಂತ ಟೈಪ್ ಮಾಡಿದವರು ನೀಲಿಯ ಕಡೆಯವರಂತೂ ಅಲ್ಲ ಮೇಡಂ. ನಾಳೆ ಇದನ್ನೇ ಹೇಳ್ತೀರಿ ತಾನೆ? ಇಲ್ಲ, ಇಲ್ಲೇ ಬಿಟ್ಟು ಹೋಗ್ತೀರಾ? ನೀವು ಬಿಟ್ರೂ ನಾನು ಬಿಡಲ್ಲ.”

ವಿಮೆಯಮ್ಮ ಕರವಸ್ತ್ರ ಮಡಿಚಿ ಚೀಲಕ್ಕೆ ಹಾಕಿಕೊಂಡರು. ನಾದಿನಿಯನ್ನು ಬಿಡಿಸಲು ಹುಡುಕಿದ ಹಗ್ಗ ಅವಳ ಕೊರಳಿಗೇ ಬಿಗಿಯಾಗುತ್ತಿತ್ತು.

*

ನಾದಿನಿ ಕಾರ್ಖಾನೆಯ ಗೇಟಿನಾಚೆ ಕಾರಿನಲ್ಲಿ ಕಾಯುತ್ತಿದ್ದಳು. ಅವಳಿಗೆ ಒಳಗೆ ಬರಲು ಅನುಮತಿ ಇರಲಿಲ್ಲ. ವರ್ಷಗಟ್ಟಲೆ ಅವಳಿಗೆ ಎದ್ದು ನಿಲ್ಲುತ್ತಿದ್ದ ಕಾವಲುಗಾರ ಈಗ ಬೇರೆ ಕಡೆ ನೋಡುವುದನ್ನು ರೂಢಿಸಿಕೊಂಡಿದ್ದ.

ಆಸ್ಪತ್ರೆಯ ದಾರಿಯಲ್ಲಿ ವಿಮೆಯಮ್ಮ ಪಟದ ವಿಷಯ ಹೇಳಿದರು. ನಾದಿನಿ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಅತ್ತಿಗೆಯ ಕಡೆ ತಿರುಗಿದಳು.

“ನಾನು ಮಾಡಿಸಿದೆ ಅಂದ್ಕೊಂಡ್ರಾ ಅತ್ತಿಗೆ?”

“ನಾನು ಏನೂ ಅಂದ್ಕೊಂಡಿಲ್ಲ. ನಾಳೆ ಎಲ್ಲರೂ ಹಾಗೇ ಅಂದ್ಕೋತಾರೆ.”

ತಾನು ಹಸಿರನ್ನು ಆರಿಸಿದ್ದೇಕೆಂದು ನಾದಿನಿ ಮತ್ತೊಮ್ಮೆ ಹೇಳತೊಡಗಿದಳು. ವಿಮೆಯಮ್ಮ ಅದನ್ನು ಹಲವು ಸಲ ಕೇಳಿದ್ದರು, ಆದರೂ ತಡೆಯಲಿಲ್ಲ. ನೀಲಿಯ ಪುಟಗಳು ಕಚೇರಿಯವರಿಗೆ ಮಾತ್ರ ಅರ್ಥವಾಗುವಂಥವು. ಹಸಿರನ್ನು ದುಡಿಯುವವರು ಓದಬಹುದಿತ್ತು, ಅವರ ಮಾತಿನಲ್ಲೇ, ದೊಡ್ಡ ಅಕ್ಷರದಲ್ಲಿ. ಒಂದು ದಿನದ ರಜೆ ಉಳಿದಿದೆಯೇ ಎಂದು ಕೇಳಲು ಗುಮಾಸ್ತನ ಮೇಜಿನ ಮುಂದೆ ಟೋಪಿ ತೆಗೆದು ನಿಲ್ಲಬೇಕಿರಲಿಲ್ಲ. ಬಾಯ್ಲರ್ ಕಿಟಕಿ ಹೊಂದದಿದ್ದರೆ ಹಸಿರನ್ನು ಕೈಬಿಡುವುದಾಗಿ ಅವಳೇ ಸಮಿತಿಗೆ ಮಾತು ಕೊಟ್ಟಿದ್ದಳು. ಕಿಟಕಿಯಲ್ಲಿ ಅಂಕಿ ಬಂದ ದಿನ ತನಗೆ ಅಳು ಬಂದಿತ್ತು ಎಂದಳು.

ಈಗಲೂ ಬಂತು. ವಿಮೆಯಮ್ಮ ಕರವಸ್ತ್ರ ಚಾಚಿದರು.

“ಇದರಲ್ಲಿ ಅಣ್ಣನ ಗಂಟಿದೆ, ಬೇಡ,” ಎಂದು ನಾದಿನಿ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಅಳುವಿನ ನಡುವೆಯೇ ಸಣ್ಣಗೆ ನಕ್ಕಳು. “ಹಸಿರಿನ ಉದ್ಘಾಟನೆಯ ದಿನ ಕೊಟ್ಟಿದ್ರಲ್ಲ, ಅದು ಚೆನ್ನಾಗಿತ್ತು.”

“ಅದನ್ನ ವಾಪಸ್ ಕೊಡೋಕೆ ನೀನು ವಾರ ತಗೊಂಡೆ. ನಿಮ್ಮಣ್ಣ ಕಪಾಟೆಲ್ಲ ಜಾಲಾಡಿದ್ರು.”

“ಒಗೆದು ಇಸ್ತ್ರಿ ಮಾಡಿ ಕೊಟ್ಟೆ ತಾನೆ. ಬೇರೆ ಅತ್ತಿಗೆ ಆಗಿದ್ರೆ ಮೆಚ್ಕೋತಿದ್ರು.”

ಇಬ್ಬರೂ ಒಂದು ಗಳಿಗೆ ಹಗುರಾದರು. ವಿಮೆಯಮ್ಮ ಅದೇ ಗಳಿಗೆಯನ್ನು ಹಿಡಿದರು. ಅವರ ಕಸುಬು ಅಂಥದು.

“ಪರೀಕ್ಷೆ ನಡೀತಿದ್ದಾಗ ಆ ಕಿಟಕಿಗೆ ಹೊರಗಿನವರು ಯಾರಾದ್ರೂ ಕೈ ಹಾಕಿದ್ರಾ?”

“ಇಲ್ಲ.”

ಉತ್ತರ ಬೇಗ ಬಂತು. ನಾದಿನಿ ಕಾರು ಚಾಲೂ ಮಾಡಿದಳು, ಕನ್ನಡಿ ಸರಿಪಡಿಸಿದಳು, ಸರಿಯಾಗಿದ್ದ ಕನ್ನಡಿಯನ್ನು ಮತ್ತೆ ಸರಿಪಡಿಸಿದಳು. ಯೋಚಿಸಿ ಹೇಳಿದ ಇಲ್ಲಕ್ಕೂ ಕಾದು ಕುಳಿತಿದ್ದ ಇಲ್ಲಕ್ಕೂ ಇರುವ ಅಂತರ ವಿಮೆಯಮ್ಮನಿಗೆ ಗೊತ್ತಿತ್ತು. ಇನ್ನೊಮ್ಮೆ ಕೇಳಲಿಲ್ಲ.

ಬೇಡ ಎಂದು ಗಂಡ ಹೇಳಿದ್ದರು. ಮನೆಯವರ ಕೇಸನ್ನು ಮನೆಯವರು ಹಿಡಿಯಬಾರದು, ಸಿಕ್ಕಿದ್ದನ್ನು ಹೇಳಲೂ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ ಎಂದಿದ್ದರು. ಸ್ವಂತ ತಂಗಿಯ ವಿಷಯದಲ್ಲಿ ಇಷ್ಟು ತಣ್ಣಗಿರುವುದು ಹೇಗೆಂದು ವಿಮೆಯಮ್ಮ ಅವತ್ತು ಸಿಟ್ಟಾಗಿದ್ದರು. ಆಮೇಲೆ ಗಂಡ ಆ ಸುದ್ದಿ ಎತ್ತಲಿಲ್ಲ. ಸಂಜೆಯಾದರೆ ಪತ್ರಿಕೆ ಮಡಿಚಿಕೊಂಡು ವಾಕಿಂಗ್ ಹೊರಡುತ್ತಿದ್ದರು. ಕತ್ತಲಾದ ಮೇಲೆ ಬರುತ್ತಿದ್ದರು.

*

ಸುಟ್ಟಗಾಯದ ವಾರ್ಡಿನ ಕೊನೆಯ ಕೋಣೆ. ನಾದಿನಿ ಕೆಳಗೇ ಉಳಿದಳು. ಫಿಟ್ಟರನ ಹೆಂಡತಿ ಹಿಂದೊಮ್ಮೆ ಅವಳನ್ನು ಮೆಟ್ಟಿಲಿನಿಂದಲೇ ಹಿಂದಕ್ಕೆ ಕಳಿಸಿದ್ದಳು.

ವಿಮೆಯಮ್ಮನನ್ನೂ ಅವಳು ಕೂತ್ಕೊಳ್ಳಿ ಎನ್ನಲಿಲ್ಲ. ಬಾಗಿಲಿಗೂ ಮಂಚಕ್ಕೂ ನಡುವೆ ನಿಂತಳು.

“ವಿಮೆಯವರಾ? ಇನ್ನೇನು ಬೇಕು? ಸಹಿ ಹಾಕೋಕೆ ಕೈ ಇಲ್ಲ, ಓದೋಕೆ ಕಣ್ಣಿಲ್ಲ. ಮಾತು ಒಂದಿದೆ, ಅದನ್ನೂ ತಗೊಂಡ್ಹೋಗ್ತೀರಾ?”

“ವಿಮೆಯಿಂದ ಬಂದಿಲ್ಲಮ್ಮ. ಒಂದೇ ಒಂದು ಪ್ರಶ್ನೆ ಕೇಳ್ತೀನಿ.”

ಮಂಚದ ಮೇಲಿನ ಮನುಷ್ಯನ ಮುಖದಲ್ಲಿ ಬಾಯಿ, ಗಲ್ಲ ಬಿಟ್ಟರೆ ಉಳಿದದ್ದೆಲ್ಲ ಬಟ್ಟೆ. ಎರಡೂ ಕೈಗಳು ಹೊದಿಕೆಯ ಮೇಲೆ ಬಿಳಿಯ ಗಂಟುಗಳಂತೆ ಬಿದ್ದಿದ್ದವು. ಕಣ್ಣಿನ ವಿಷಯ ಬಟ್ಟೆ ಬಿಚ್ಚಿದ ಮೇಲೆ ಹೇಳುವುದಾಗಿ ವೈದ್ಯರು ಹೇಳಿದ್ದರು. ಅವರು ಹಾಗೆ ಹೇಳಿ ಬಹಳ ದಿನವಾಗಿತ್ತು.

“ಕೇಳಲಿ ಬಿಡೇ,” ಎಂದ ಫಿಟ್ಟರ್.

ವಿಮೆಯಮ್ಮ ಮಂಚದ ಹತ್ತಿರ ಹೋದರು. ದನಿ ಏರಿಸಲಿಲ್ಲ.

“ಪರೀಕ್ಷೆಯ ದಿನಗಳಲ್ಲಿ ನೀನು ಚಹಾಕ್ಕೆ ಎದ್ದು ಹೋದಾಗ ನಿನ್ನ ಬದಲಿಗೆ ಅಂಕಿ ಹಾಕೋಕೆ ಯಾರನ್ನೂ ಕೂರಿಸಿರಲಿಲ್ಲ. ಯಾಕೆ?”

ಮುಖದ ಬಟ್ಟೆ ಅಲುಗಲಿಲ್ಲ. ಹೊದಿಕೆಯ ಮೇಲಿನ ಕೈಗಳಲ್ಲಿ ಒಂದು ಮಾತ್ರ ಸ್ವಲ್ಪ ಸರಿಯಿತು.

ಹೆಂಡತಿ ಗಂಡನನ್ನು ನೋಡಿದಳು. “ಏನು ಕೇಳ್ತಿದ್ದಾರೆ ಇವರು? ಯಾವ ಅಂಕಿ?”

“ಬಾಯ್ಲರ್ ಮನೆಯಲ್ಲಿ ಡಯಲ್ ಮುಂದೆ ದಿನವಿಡೀ ಕೂರೋನು ನೀನೊಬ್ಬನೇ,” ಎಂದರು ವಿಮೆಯಮ್ಮ. “ಇನ್ಯಾರೂ ಮಾಡೋಕಾಗಲ್ಲ. ನೀನು ಹೇಳದಿದ್ರೆ ನಾಳೆ ಆ ಹೆಣ್ಣುಮಗಳು ಮೋಸ ಮಾಡಿ ಹಸಿರನ್ನ ಗೆಲ್ಲಿಸಿದಳು ಅಂತಾಗತ್ತೆ.”

“ಆಗಲಿ,” ಎಂದಳು ಹೆಂಡತಿ. “ಆಗಲಿ ಬಿಡಿ. ನಮಗಾದದ್ದಕ್ಕೆ ಯಾರಿಗಾದ್ರೂ ಏನಾದ್ರೂ ಆಗಬೇಕಲ್ಲ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹೊರಗಿನವರು ಸುಲಭವಾಗಿ ಹೇಳಬಹುದು; ಜ್ವರ ಕಾಯುತ್ತ ಕೂತವರಿಗೆ ಯಾವ ಎಮ್ಮೆಯಾದರೂ ಆದೀತು.

ಫಿಟ್ಟರ್ ದಿಂಬಿನಿಂದ ತಲೆ ಸ್ವಲ್ಪ ಎತ್ತಿದ.

“ಆ ಅಕ್ಕನಿಗೆ ಗೊತ್ತಿಲ್ಲ. ಅವರಿಗೆ ಏನೂ ಮಾಡಬೇಡಿ.”

ಹೆಂಡತಿ ಮಂಚದ ಅಂಚಿನಲ್ಲಿ ಕೂತಳು.

ಅವನು ಹೇಳಿದ್ದು ಹೆಚ್ಚಿಲ್ಲ, ಎಲ್ಲವೂ ನೇರವಾಗಿತ್ತು. ಪರೀಕ್ಷೆ ಶುರುವಾದಾಗ ಕಿಟಕಿ ಖಾಲಿಯಿತ್ತು. ಒಂದು ಮಧ್ಯಾಹ್ನ ವಯಸ್ಸಾದ ಎಂಜಿನಿಯರ್ ಒಬ್ಬರು ಬಾಯ್ಲರ್ ಮನೆಗೆ ಬಂದರು. ಬಹಳ ಹಿಂದೆ ಇಲ್ಲಿಯ ಉಪಕರಣಗಳನ್ನು ನೋಡಿಕೊಂಡವರಂತೆ, ಯಾವ ಕವಾಟ ಎಲ್ಲಿದೆ ಎಂಬುದು ಇವನಿಗಿಂತ ಚೆನ್ನಾಗಿ ಗೊತ್ತಿತ್ತು. ಹಸಿರಿಗೂ ಬಾಯ್ಲರ್ ಪ್ರೋಗ್ರಾಮಿಗೂ ನಡುವೆ ಒಬ್ಬ ದುಭಾಷಿ ಬೇಕು, ಚಿಕ್ಕದೊಂದು ಪ್ರೋಗ್ರಾಂ, ತಾನು ಮನೆಯಲ್ಲಿ ಬರೆಯುತ್ತಿದ್ದೇನೆ ಎಂದರು. ಬರೆದು ಮುಗಿಯುವ ಮುಂಚೆ ಪರೀಕ್ಷೆ ಮುಗಿದುಹೋಗುತ್ತದೆ. ದುಭಾಷಿ ಸಿದ್ಧವಾಗುವವರೆಗೆ ಡಯಲ್ ನೋಡಿ ಅಂಕಿ ತುಂಬುತ್ತಿರು, ಸುಳ್ಳು ಅಂಕಿ ಬೇಡ, ಇದ್ದದ್ದನ್ನು ಇದ್ದಂತೆ ಹಾಕು ಎಂದರು.

“ಸುಳ್ಳು ಒಂದೂ ಹಾಕಿಲ್ಲ ಮೇಡಂ,” ಎಂದ. “ಹಸಿರು ಬರಲಿ ಅಂತ ನನಗೂ ಇತ್ತು. ನನ್ನ ರಜ ಎಷ್ಟಿದೆ ಅಂತ ನಾನೇ ನೋಡಿದ್ದು ಅದೇ ಮೊದಲು.”

ಹಸಿರು ಗೆದ್ದಿತು. ಉದ್ಘಾಟನೆಯೂ ಆಯಿತು. ಅವನು ಟೈಪ್ ಮಾಡುತ್ತಲೇ ಇದ್ದ. ಮೊದಲೆಲ್ಲ ಕೊಳವೆ ಬಿಚ್ಚುವವರು ಬಾಗಿಲಿಗೆ ಬಂದು ಬಾಯ್ಲರ್ ಮನೆಯ ಕಡೆ ಕೂಗಬೇಕಿತ್ತು, ಮುಚ್ಚಿದೆ ಎಂಬ ಮರುಕೂಗು ಬಂದ ಮೇಲೆಯೇ ಸ್ಪ್ಯಾನರ್ ಎತ್ತಬೇಕಿತ್ತು. ಇನ್ನು ಕೂಗುವಂತಿಲ್ಲ, ಪರದೆ ನೋಡಿ ಎಂದು ಆಡಳಿತ ಫಲಕ ಹಾಕಿಸಿತು. ಇಡೀ ಕಾರ್ಖಾನೆ ನೋಡುತ್ತಿದ್ದ ಪರದೆಯ ಹಿಂದೆ ಇದ್ದದ್ದು ಇವನ ಎರಡು ಬೆರಳು.

ಉದ್ಘಾಟನೆಯಾಗಿ ವಾರದ ಮೇಲೆ, ಸಂಜೆ ಬಾಯ್ಲರ್ ಆರಿಸಿ, ಕೊನೆಯ ಸೊನ್ನೆ ತುಂಬಿ ಮನೆಗೆ ಹೊರಟಿದ್ದಾಗ ಆ ಎಂಜಿನಿಯರ್ ಫೋನ್ ಮಾಡಿದರು. ದುಭಾಷಿ ಕೂತಾಯಿತು, ನಾಳೆಯಿಂದ ಅಂಕಿ ತಾನಾಗಿಯೇ ಬರುತ್ತದೆ, ಇನ್ನು ನೀನು ಮುಟ್ಟಬೇಡ ಎಂದರು.

“ಮರುದಿನ ಬೆಳಿಗ್ಗೆ ಕೀಬೋರ್ಡ್ ಮುಟ್ಟಲಿಲ್ಲ. ಬಹಳ ದಿನದ ಮೇಲೆ ಆ ಕೋಣೆಯಿಂದ ಹೊರಗೆ ಬಂದೆ. ಮೂರನೇ ಕೊಳವೆ ಸೋರ್ತಿತ್ತು, ನಾನೇ ಹೋಗ್ತೀನಿ ಅಂದೆ. ನಾನು ಹೊರಟಾಗ ಅದರ ಕವಾಟ ಮುಚ್ಚಿತ್ತು. ಅಲ್ಲಿಗೆ ಹೋಗಿ ಸಾಮಾನು ಜೋಡಿಸೋಷ್ಟರಲ್ಲಿ ನನ್ನ ಜಾಗದಲ್ಲಿ ಕೂತ ಬದಲಿಯವನು ಕವಾಟ ತೆಗೆದಿದ್ದ. ಪರದೆ ನೋಡಿದೆ. ಸೊನ್ನೆ ಇತ್ತು.”

ಅವನು ಬಟ್ಟೆ ಸುತ್ತಿದ ಕೈಯನ್ನು ಎದೆಯ ಕಡೆ ಎಳೆದುಕೊಂಡ.

“ನಾನೇ ಹಾಕಿದ್ದ ಸೊನ್ನೆ ಮೇಡಂ. ಹಿಂದಿನ ಸಂಜೆಯದು. ನೋಡಿದರೆ ಗುರುತು ಸಿಗಲ್ಲವಲ್ಲ, ಸೊನ್ನೆ ಸೊನ್ನೆಯೇ.”

ಹೆಂಡತಿ ಗೋಡೆಯ ಕಡೆ ತಿರುಗಿದ್ದಳು. ಇಷ್ಟು ದಿನ ಇದನ್ನು ತನಗೆ ಹೇಳಲಿಲ್ಲವೆಂಬುದು ಸುಟ್ಟ ಗಾಯಕ್ಕಿಂತ ಹೆಚ್ಚಾಗಿ ಅವಳಿಗೆ ತಾಗಿದಂತಿತ್ತು.

“ಅವರು ಯಾಕೆ ಹಾಗೆ ಹೇಳಿದ್ರು?” ವಿಮೆಯಮ್ಮ ಕೇಳಿದರು. ದನಿ ಮೊದಲಿನಷ್ಟೇ ಸಮವಾಗಿತ್ತು. ಅದನ್ನು ಸಮವಾಗಿಡಲು ಮಂಚದ ಕಬ್ಬಿಣವನ್ನು ಹಿಡಿದಿದ್ದರು. “ಕೂತಿರದ ದುಭಾಷಿಯನ್ನ ಕೂತಾಯ್ತು ಅಂತ?”

“ಮೋಸ ಅಲ್ಲ ಮೇಡಂ. ಅವರು ಅಂಥವರಲ್ಲ. ನನಗೂ ಅದೇ ಅರ್ಥ ಆಗ್ತಿಲ್ಲ. ಅವರಿಗೆ ಮರೆವು ಜಾಸ್ತಿ, ಅವರೇ ಹೇಳ್ಕೊಂಡಿದ್ರು. ಅದಕ್ಕೇ ಅವತ್ತು ಬಾಯ್ಲರ್ ಮನೆಯಲ್ಲಿ ನನ್ನೆದುರಿಗೇ ಕರವಸ್ತ್ರಕ್ಕೆ ಒಂದು ಗಂಟು ಹಾಕಿದ್ರು. ಇದು ಇರೋವರೆಗೂ ನನ್ನ ಕೆಲಸ ಬಾಕಿ, ಇದು ಬಿಚ್ಚಿದ ದಿನ ನಿನಗೆ ಬಿಡುಗಡೆ ಅಂತ ನಕ್ಕಿದ್ರು. ಫೋನಲ್ಲೂ ಅದನ್ನೇ ಹೇಳಿದ್ದು. ಗಂಟು ಬಿಚ್ಚಿದೆ ಕಣಪ್ಪ, ಅಂದ್ರೆ ಮುಗಿಸಿದ್ದೀನಿ, ನಾಳೆಯಿಂದ ಆರಾಮಾಗಿರು ಅಂತ.”

ಕೋಣೆಯ ಹೊರಗೆ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು. ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಆ ಸದ್ದು ಪೂರ್ತಿ ದೂರವಾಗುವವರೆಗೂ ವಿಮೆಯಮ್ಮ ಅದನ್ನೇ ಕೇಳಿದರು.

ಉದ್ಘಾಟನೆಯ ಬೆಳಿಗ್ಗೆ. ಭಾಷಣ ಮಾಡಬೇಕಾದ ನಾದಿನಿ ಅಂಗೈ ಬೆವರಿ, ಕರವಸ್ತ್ರ ಮರೆತು, ಬಾಗಿಲಲ್ಲಿ ನಿಂತಿದ್ದಳು. ಒಗೆದ ಬಟ್ಟೆಯ ರಾಶಿಯಿಂದ ಕೈಗೆ ಬಂದದ್ದನ್ನು ವಿಮೆಯಮ್ಮ ಎಳೆದರು. ಮೂಲೆಯಲ್ಲಿ ಗಂಟಿತ್ತು. ಒದ್ದೆಯಾಗಿ ಒಣಗಿ ಕಲ್ಲಾಗಿದ್ದ ಗಂಟು. ಒಂದು ಸಲಕ್ಕೇನು ಎಂದುಕೊಂಡರು. ಸಂಜೆ ಗಂಡನಿಗೆ ಹೇಳಿದರಾಯಿತು ಎಂದುಕೊಂಡರು. ಹಲ್ಲಿನಿಂದ ಕಚ್ಚಿ ಬಿಚ್ಚಿ, ಇಸ್ತ್ರಿ ಎಳೆದು, ನಾದಿನಿಯ ಕೈಗಿಟ್ಟರು. ಸಂಜೆ ಮನೆಯಲ್ಲಿ ಸಂಭ್ರಮವಿತ್ತು. ಹೇಳಲು ಮರೆತರು.

ವಾರದ ಮೇಲೆ ಕರವಸ್ತ್ರ ಕಪಾಟಿಗೆ ಮರಳಿತ್ತು, ಗಂಟಿಲ್ಲದೆ. ಮುಗಿದ ಕೆಲಸದಂತೆ.

“ಅವರನ್ನ ಹುಡುಕ್ತೀರಾ ಮೇಡಂ?” ಫಿಟ್ಟರ್ ಕೇಳುತ್ತಿದ್ದ. “ಹುಡುಕೋದೇನೂ ಬೇಡ. ದಿನಾ ಈ ಹೊತ್ತಿಗೆ ಬರ್ತಾರೆ. ಪತ್ರಿಕೆ ಓದಿ ಹೇಳ್ತಾರೆ. ಕತ್ತಲಾಗೋವರೆಗೂ ಕೂತಿರ್ತಾರೆ.”

“ಆ ಯಜಮಾನರಾ?” ಹೆಂಡತಿ ಗೋಡೆಯಿಂದ ತಿರುಗಿದಳು. “ನಿನಗೆ ನೀರು ಕುಡಿಸೋ ಆ ಯಜಮಾನರಾ?”

ಫಿಟ್ಟರನ ಗಲ್ಲ ಬಾಗಿಲ ಕಡೆ ತಿರುಗಿತ್ತು. ಕಾಣದವನಿಗೆ ಹೆಜ್ಜೆಯ ಸದ್ದು ಮೊದಲು ಸಿಕ್ಕಿತ್ತು.

ಮಡಿಚಿದ ಪತ್ರಿಕೆ ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದವರು ಮೊದಲು ಮಂಚ ನೋಡಿದರು, ಆಮೇಲೆ ಮಂಚದ ಪಕ್ಕ ನಿಂತಿದ್ದ ತಮ್ಮ ಹೆಂಡತಿಯನ್ನು ನೋಡಿದರು. ವಿಮೆಯಮ್ಮನ ಕೈಯಲ್ಲಿ ಅವರದೇ ಕರವಸ್ತ್ರವಿತ್ತು. ಯಾವಾಗ ಚೀಲದಿಂದ ತೆಗೆದರೋ ಅವರಿಗೇ ತಿಳಿದಿರಲಿಲ್ಲ.

“ಸಾರ್, ಮೇಡಂಗೆ ಎಲ್ಲ ಹೇಳಿಬಿಟ್ಟೆ,” ಎಂದ ಫಿಟ್ಟರ್. “ನನಗೂ ಒಂದು ಕೇಳೋದಿದೆ. ಇಷ್ಟು ದಿನ ಬಾಯಿ ಬರಲಿಲ್ಲ. ದುಭಾಷಿ ಕೂತಿರಲಿಲ್ಲ ತಾನೆ? ಹಾಗಾದ್ರೆ ಆ ಗಂಟು ಬಿಚ್ಚಿದ್ದು ಯಾರು?”

ವಿಮೆಯಮ್ಮನ ಗಂಡ ಪತ್ರಿಕೆಯನ್ನು ಮಂಚದ ಕಾಲ ಬಳಿ ಇಟ್ಟರು. ಅದರ ಮಡಿಕೆ ನೇರ ಮಾಡಿದರು. ಅವರು ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಪ್ರಶ್ನೆ ಇರಲಿಲ್ಲ. ಗಂಟು ಬಿಚ್ಚಿದ ಕೈ ಯಾರದೆಂದು ಅಪಘಾತದ ದಿನದಿಂದ ಅವರಿಗೆ ಗೊತ್ತಿತ್ತೆಂದು ವಿಮೆಯಮ್ಮನಿಗೆ ಆಗ ತಿಳಿಯಿತು. ಕೇಸು ಹಿಡಿಯಬೇಡ ಎಂದದ್ದು ತಂಗಿಯ ಮೇಲಿನ ತಣ್ಣಗಿನ ಮನಸ್ಸಿನಿಂದಲ್ಲ ಎಂಬುದೂ, ಕಾರಿನಲ್ಲಿ ನಾದಿನಿಯ ಆ ‘ಇಲ್ಲ’ ಅಣ್ಣನನ್ನು ಕಾಯಲೆಂಬುದೂ ತಿಳಿಯಿತು.

“ನಾನೇ,” ಎಂದರು ಗಂಡ. “ನಾನೇ ಬಿಚ್ಚಿದ್ದು. ಯಾವುದೋ ಜ್ಞಾನದಲ್ಲಿ ಬಿಚ್ಚಿ, ಕೆಲಸ ಮುಗಿಸಿದ್ದೀನಿ ಅಂದ್ಕೊಂಡೆ. ನಾಳೆ ವಿಚಾರಣೆಯಲ್ಲೂ ಅದನ್ನೇ ಹೇಳ್ತೀನಿ.”

ವಿಮೆಯಮ್ಮ ಬಾಯಿ ತೆರೆದರು. ಜೀವಮಾನವಿಡೀ ಬೇರೆಯವರ ಬಾಯಿಂದ ನಿಜ ಹೊರಡಿಸಿದ ಹೆಂಗಸಿಗೆ ಆ ಹೊತ್ತಿನಲ್ಲಿ ಒಂದು ಶಬ್ದ ಸಿಗಲಿಲ್ಲ.

“ಇಲ್ಲ ಅಣ್ಣ.”

ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಕೆಳಗೆ ಅಣ್ಣನನ್ನು ಕಂಡು ಹಿಂದೆಯೇ ಮೆಟ್ಟಿಲೇರಿ ಬಂದಿರಬೇಕು, ಉಸಿರು ಏರಿತ್ತು. ಫಿಟ್ಟರನ ಹೆಂಡತಿ ಈ ಸಲ ಅವಳನ್ನು ತಡೆಯಲಿಲ್ಲ.

“ಅದನ್ನ ಬಿಚ್ಚಿದ್ದು ನೀನಲ್ಲ,” ಎಂದಳು. “ನಾನು ಅಲ್ಲೇ ಇದ್ದೆ.”

ಅವಳ ಕಣ್ಣು ಅಣ್ಣನ ಮೇಲಿರಲಿಲ್ಲ.